ಮುಟ್ಟಿದವರೇ ಹುಟ್ಟು ಹಾಕಬೇಕು

ದಡದಲ್ಲಿ ಇದ್ದದ್ದು ಒಂದೇ ದೋಣಿ. ಫೋಲ್ಕೆ ಅದನ್ನು ಐವತ್ತು ಅಡಿ ದೂರದಿಂದಲೇ ನೋಡಿದ. ನಿಂತ. ಬೆನ್ನಿನ ಚೀಲ ಇಳಿಸಿದ. ಅದರ ಮೇಲೆ ಕೂತ.

"ಇಲ್ಲ," ಎಂದ, ಯಾರೂ ಏನೂ ಕೇಳುವ ಮೊದಲೇ. "ಈ ಸಲ ಇಲ್ಲ."

ಹಳದಿ ಪ್ಲಾಸ್ಟಿಕ್ ದೋಣಿ ನೀರಿನಿಂದ ಮೇಲಕ್ಕೆ, ಬರ್ಚ್ ಮರಗಳ ಕೆಳಗೆ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಹಲಗೆ. ಅದರ ಮೇಲೆ ಇದ್ದದ್ದು ಒಂದೇ ವಾಕ್ಯ: ಎರಡೂ ದಡಗಳಲ್ಲಿ ಯಾವಾಗಲೂ ಕನಿಷ್ಠ ಒಂದು ದೋಣಿ ಇರತಕ್ಕದ್ದು.

ರಾಜಹಾದಿ ಎಂಬ ಈ ಬೆಟ್ಟಗಾಡಿನ ಕಾಲುಹಾದಿಯಲ್ಲಿ ನಡೆಯುವವರಿಗೆ ಈ ವಾಕ್ಯ ಬಾಯಿಪಾಠ. ಹಾದಿಗೆ ಅಡ್ಡ ಬರುವ ಸರೋವರಕ್ಕೆ ತಲಾ ಮೂರು ದೋಣಿ. ನೀವು ಬಂದ ದಡದಲ್ಲಿ ಎರಡಿದ್ದರೆ ನೀವು ಪುಣ್ಯವಂತರು. ಒಂದನ್ನು ತೆಗೆದುಕೊಂಡು ಆಚೆ ಹೋಗಿ, ನಡೆಯುತ್ತಾ ಇರಿ. ಒಂದೇ ಇದ್ದರೆ ಕತೆ ಬೇರೆ. ಆಚೆ ಹೋಗಬೇಕು, ಅಲ್ಲಿರುವ ಇನ್ನೊಂದು ದೋಣಿಯನ್ನು ಹಿಂದೆ ಕಟ್ಟಿಕೊಂಡು ಈಚೆ ಬರಬೇಕು, ಒಂದನ್ನು ಇಲ್ಲಿ ಬಿಟ್ಟು ಮತ್ತೆ ಆಚೆ ಹೋಗಬೇಕು. ಒಂದು ಸರೋವರ, ಮೂರು ಸಲ. ನಿಮ್ಮ ಹಿಂದೆ ಬರುವವನು ದೋಣಿಯಿಲ್ಲದೆ ಚಳಿಯಲ್ಲಿ ಕೂರಬಾರದೆಂದು ಈ ವ್ಯವಸ್ಥೆ. ಕಾಯುವ ಕಾವಲುಗಾರನಿಲ್ಲ, ದಂಡವಿಲ್ಲ. ಆದರೂ ಎಲ್ಲರೂ ಪಾಲಿಸುತ್ತಾರೆ.

ಎಲ್ಲರೂ ಎಂದರೆ, ಫೋಲ್ಕೆಯ ಅನುಭವದಲ್ಲಿ, ಫೋಲ್ಕೆ.

ಅವನಿಗೆ ಐವತ್ತೊಂದು. ಬೋರೋಸ್ ಪಟ್ಟಣದಲ್ಲಿ ಮೂರನೇ ನಂಬರಿನ ಬಸ್ಸು ಓಡಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋದವನಲ್ಲ. ಡಿಪೋದ ಕಾಫಿ ಕೋಣೆಯಲ್ಲಿ ಎಂದೂ ತಡವಾಗದವರ ಹೆಸರಿನ ಬೋರ್ಡೊಂದಿತ್ತು. ಮೊದಲು ಅದರಲ್ಲಿ ಹನ್ನೊಂದು ಹೆಸರಿದ್ದವು. ಒಬ್ಬನಿಗೆ ಅವಳಿ ಮಕ್ಕಳಾದವು, ಒಬ್ಬ ಪ್ರೀತಿಯಲ್ಲಿ ಬಿದ್ದ, ಒಬ್ಬನ ನಾಯಿ ಅಲಾರಂ ಗಡಿಯಾರವನ್ನು ಕಚ್ಚಿ ಹಾಕಿತು. ಈಗ ಉಳಿದದ್ದು ಒಂದೇ ಹೆಸರು. ಫೋಲ್ಕೆಯನ್ನು ಹೆಂಡತಿ ಬಿಟ್ಟು ಹೋಗಿದ್ದಳು, ಕೂದಲು ಬಿಟ್ಟು ಹೋಗಿತ್ತು, ಎಡ ಮಂಡಿ ಬಿಟ್ಟು ಹೋಗುವ ಸೂಚನೆ ಕೊಟ್ಟಿತ್ತು. ಬೋರ್ಡಿನ ಮೇಲಿನ ಹೆಸರು ಮಾತ್ರ ಅಲುಗಿರಲಿಲ್ಲ.

ಈ ದಿನ ಶನಿವಾರ. ಆಚೆ ದಡದಿಂದ ಕಾಲು ಗಂಟೆ ನಡೆದರೆ ಬಸ್ ನಿಲ್ದಾಣ. ದಿನಕ್ಕೆ ಒಂದೇ ಬಸ್ಸು, ಮಧ್ಯಾಹ್ನ ಮೂರೂವರೆಗೆ. ಅದು ಸಿಕ್ಕರೆ ರಾತ್ರಿಯ ರೈಲು, ಭಾನುವಾರ ಮನೆ, ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಡ್ಯೂಟಿ. ಸಿಗದಿದ್ದರೆ ಬೋರ್ಡು ಖಾಲಿ.

ಈಗ ಬೆಳಿಗ್ಗೆ ಹತ್ತು ಗಂಟೆ. ಒಂದು ಸಲ ದಾಟಲು ನಲವತ್ತು ನಿಮಿಷ. ಮೂರು ಸಲ ದಾಟಿದರೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆಚೆ ದಡದಲ್ಲಿ ಕಾಲು ಚಾಚಿ ಕೂರಬಹುದಿತ್ತು. ಫೋಲ್ಕೆಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೂತ.

"ಏನಾಯ್ತು? ಕಾಲು ಉಳುಕಿತಾ?" ಎನ್ನುತ್ತಾ ಗುನ್ವೋರ್ ಬಂದಳು. ಎಪ್ಪತ್ತು ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಎರಡು ಕೋಲು, ಕುತ್ತಿಗೆಗೆ ದುರ್ಬೀನು, ತಲೆಯೊಳಗೆ ಹಾದಿಯ ಶಿಷ್ಟಾಚಾರ ಪೂರ್ತಿ. ರಾತ್ರಿ ತಂಗುವ ಗುಡಿಸಲಿನಲ್ಲಿ ಪಾತ್ರೆ ತೊಳೆಯುವ ಕ್ರಮ, ಎದುರು ಬಂದವರಿಗೆ ದಾರಿ ಬಿಡುವ ಕ್ರಮ, ಪಾಯಿಖಾನೆಯ ಬಾಗಿಲಿಗೆ ಕೊಂಡಿ ಹಾಕುವ ಕ್ರಮ, ಎಲ್ಲಕ್ಕೂ ಅವಳಲ್ಲಿ ಒಂದೊಂದು ನಿಯಮವಿತ್ತು. ಎಂಟು ದಿನಗಳಿಂದ ಅವಳು ಫೋಲ್ಕೆಯ ಹಿಂದೆಯೇ ಬರುತ್ತಿದ್ದಳು. ಪ್ರತಿ ಸಂಜೆ ಅದೇ ಗುಡಿಸಲು, ಪ್ರತಿ ಸಂಜೆ ಅವನ ಬೂಟು ಇಡುವ ರೀತಿಯಲ್ಲಿ ಏನೋ ತಪ್ಪು.

"ಉಳುಕಿಲ್ಲ. ಮುಷ್ಕರ."

"ಯಾರ ಮೇಲೆ?"

"ನಿಮ್ಮೆಲ್ಲರ ಮೇಲೆ."

ಅಷ್ಟರಲ್ಲಿ ಉಳಿದಿಬ್ಬರೂ ಬಂದರು. ಮೆಲ್ಕರ್ ಮತ್ತು ಲೋವಾ, ಇಪ್ಪತ್ತೈದರ ಆಸುಪಾಸಿನ ಜೋಡಿ. ಹಗುರ ನಡಿಗೆಯ ಪಂಥದವರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದರು, ನಕಾಶೆಯ ಅಂಚು ಕತ್ತರಿಸಿದ್ದರು, ಇಬ್ಬರಿಗೂ ಸೇರಿ ಒಂದೇ ಚಮಚ. ಅವರ ಚೀಲಗಳು ಬೆನ್ನಿನ ಮೇಲೆ ಖಾಲಿ ದಿಂಬಿನ ಹೊದಿಕೆಯಂತೆ ಹಾರಾಡುತ್ತಿದ್ದವು.

"ಓ, ಒಂದೇ ದೋಣಿ," ಎಂದಳು ಲೋವಾ. ಮೂವರೂ ಒಟ್ಟಿಗೆ ಫೋಲ್ಕೆಯ ತೋಳುಗಳ ಕಡೆ ನೋಡಿದರು.

"ನೋಡಬೇಡಿ," ಎಂದ ಫೋಲ್ಕೆ. "ಮೊದಲನೇ ಸರೋವರದಲ್ಲಿ ಏನಾಯ್ತು? ಒಂದೇ ದೋಣಿ. ನಿಮ್ಮನ್ನ ಕೂರಿಸ್ಕೊಂಡು ಆಚೆ ಬಿಟ್ಟೆ. 'ನೀವು ಇನ್ನೊಂದು ದೋಣಿ ವಾಪಸ್ ಬಿಟ್ಟು ಬನ್ನಿ, ನಾವು ಹೋಗಿ ಕಾಫಿಗೆ ಇಡ್ತೀವಿ' ಅಂದ್ರಿ. ಬಂದು ನೋಡಿದ್ರೆ ಕಾಫಿ ಕುಡಿದು ಪಾತ್ರೆ ತೊಳೆದು ಮಲಗಿದ್ರಿ."

"ಪಾತ್ರೆ ತೊಳೆದದ್ದು ನಿಯಮದ ಪ್ರಕಾರ," ಎಂದಳು ಗುನ್ವೋರ್.

"ಎರಡನೇ ಸರೋವರದಲ್ಲೂ ಒಂದೇ ದೋಣಿ. ಮತ್ತೆ ನಾನೇ. ದಾರಿಯುದ್ದಕ್ಕೂ ಈ ಟೀಚರಮ್ಮ ನಾನು ಹುಟ್ಟು ಹಾಕೋದಕ್ಕೆ ಅಂಕ ಕೊಟ್ಟರು."

"ಹತ್ತಕ್ಕೆ ಆರು ಕೊಟ್ಟೆ. ಕಡಿಮೆಯೇನಲ್ಲ."

"ಮೂರು ಮತ್ತೆ ಮೂರು ಆರು ಸಲ! ಇವತ್ತು ನಾನು ಪ್ರಯಾಣಿಕ. ಕೂರೋದು, ಇಳಿಯೋದು. ಯಾರು ಬೇಕಾದ್ರೂ ಹುಟ್ಟು ಹಾಕಿ."

ಗುನ್ವೋರ್ ಬಲ ಭುಜ ಹಿಡಿದುಕೊಂಡಳು. ಅದು ಎರಡು ವರ್ಷಗಳಿಂದ ಮೇಲೇಳುತ್ತಿರಲಿಲ್ಲ. ಲೋವಾಗೆ ಈಜು ಬರುತ್ತಿರಲಿಲ್ಲ. ಈಜು ಬಾರದವಳು ಹುಟ್ಟು ಹಾಕಬಾರದೇಕೆ ಎಂದು ಕೇಳಿದರೆ ಅಳು ಮುಖ ಮಾಡುತ್ತಿದ್ದಳು. ಮೆಲ್ಕರ್ ಹಿಂದಿನ ಸರೋವರದಲ್ಲಿ ಐದು ನಿಮಿಷ ಪ್ರಯತ್ನಿಸಿದ್ದ. ದೋಣಿ ಐದು ಸುತ್ತು ಗಿರಕಿ ಹೊಡೆದು ಹೊರಟಲ್ಲಿಗೇ ಬಂದಿತ್ತು.

"ನಾನು ಕಲೀತೀನಿ, ಆದ್ರೆ ಇವತ್ತೇ ಅಲ್ಲ," ಎಂದು ಮೆಲ್ಕರ್ ದೋಣಿಯ ಕಡೆ ಒಂದು ಹೆಜ್ಜೆ ಇಟ್ಟ.

"ಹೂಂ, ಮುಟ್ಟು!" ಎಂದು ಫೋಲ್ಕೆ ಎದ್ದು ನಿಂತ. "ಮುಟ್ಟಿ ನೋಡು. ನನ್ನದೂ ಒಂದು ನಿಯಮ ಇರ್ಲಿ. ಆ ದೋಣೀನ ಮುಟ್ಟಿದವರೇ ಹುಟ್ಟು ಹಾಕಬೇಕು. ಮೂರು ಸಲ. ಬೆರಳು ತಾಗಿದ್ರೂ ಸಾಕು."

ಮೆಲ್ಕರ್ ಕೈಯನ್ನು ಬಿಸಿ ಒಲೆಯಿಂದ ಎಳೆದುಕೊಳ್ಳುವವನಂತೆ ಹಿಂದೆಗೆದ.

ಗುನ್ವೋರ್ ಒಂದು ಕ್ಷಣ ಯೋಚಿಸಿದಳು. ನಿಯಮ ಯಾರೇ ಮಾಡಲಿ, ಸ್ಪಷ್ಟವಾಗಿದ್ದರೆ ಅವಳಿಗೆ ಅದರ ಮೇಲೆ ಗೌರವ. "ಸರಿ," ಎಂದಳು. "ಇದು ನ್ಯಾಯ. ಯಾರೂ ಮುಟ್ಟಬಾರದು. ನಾನು ನೋಡ್ಕೋತೀನಿ."

ಹೀಗೆ ಹತ್ತೂಕಾಲಿಗೆ ದೋಣಿ ಅಸ್ಪೃಶ್ಯವಾಯಿತು.

ಆಮೇಲೆ ಮಾಡುವುದೇನೂ ಇರಲಿಲ್ಲ. ದುಡ್ಡು ಕೊಟ್ಟರೆ ದಾಟಿಸುವ ಮೋಟಾರು ದೋಣಿಯವನು ಹಿಂದಿನ ವಾರವೇ ಸೀಸನ್ ಮುಗಿಸಿ ಮನೆಗೆ ಹೋಗಿದ್ದ. ಬರ್ಚ್ ಎಲೆಗಳು ಹಳದಿಯಾಗಿದ್ದವು, ಗಾಳಿಯಲ್ಲಿ ಸೆಪ್ಟೆಂಬರಿನ ಚಳಿ. ಫೋಲ್ಕೆ ಒರಟು ರೊಟ್ಟಿಯ ಮೇಲೆ ಟ್ಯೂಬಿನಿಂದ ಮೀನುಮೊಟ್ಟೆಯ ಪೇಸ್ಟು ಹಿಂಡಿಕೊಂಡು ತಿಂದ. ಅವನ ಲೆಕ್ಕ ಸರಳವಾಗಿತ್ತು. ಆಚೆ ದಡದಲ್ಲಿ ಎರಡು ದೋಣಿ ಇರಬೇಕು. ಅಲ್ಲಿಂದ ಯಾರಾದರೂ ಈಚೆ ಬಂದರೆ ಇಲ್ಲಿ ಎರಡಾಗುತ್ತವೆ. ಆಗ ಒಂದನ್ನು ತೆಗೆದುಕೊಂಡು ಒಂದೇ ಸಲ ದಾಟಬಹುದು. ಶನಿವಾರ ಯಾರಾದರೂ ಬಂದೇ ಬರುತ್ತಾರೆ.

"ಬಂದ!" ಎಂದು ಹನ್ನೊಂದು ಗಂಟೆಗೆ ಗುನ್ವೋರ್ ಕೂಗಿದಳು. ದುರ್ಬೀನು ಕಣ್ಣಿಗಿತ್ತು. "ಗಂಡಸು. ನೀಲಿ ಟೋಪಿ. ದಡಕ್ಕೆ ಬಂದ. ಹಲಗೆ ಓದ್ತಿದಾನೆ. ಒಳ್ಳೆಯವನು, ಹಲಗೆ ಓದ್ತಾನೆ."

"ದೋಣಿ ಎಳೀತಿದಾನಾ?"

"ಇಲ್ಲ. ಕೂತ."

"ಸುಸ್ತಾಗಿರುತ್ತೆ. ಏಳ್ತಾನೆ."

"ಒಲೆ ಹಚ್ಚಿದ. ಕಾಫಿ ಮಾಡ್ತಿದಾನೆ."

ನಾಲ್ವರೂ ಕಾದರು. ಆಚೆ ದಡದವನು ಕಾಫಿ ಕುಡಿದ. ಏನೋ ಹುರಿದು ತಿಂದ. ಬೂಟು ಬಿಚ್ಚಿದ.

"ಬೂಟು ಬಿಚ್ಚಿದ್ನಾ!" ಫೋಲ್ಕೆ ದುರ್ಬೀನು ಕಿತ್ತುಕೊಂಡ. ನಿಜ. ನೀಲಿ ಟೋಪಿಯವನು ಬೂಟು ಬಿಚ್ಚಿ, ಕಾಲ್ಬೆರಳು ಬಿಸಿಲಿಗೆ ಚಾಚಿ, ಮರಕ್ಕೊರಗಿದ್ದ. ಪಕ್ಕದಲ್ಲಿ ಒಂದು ಹಳದಿ ದೋಣಿ. "ಎರಡು ದೋಣಿ ಇಟ್ಕೊಂಡು ಕಾಲು ಕಾಯಿಸ್ತಾ ಕೂತಿದಾನಲ್ಲ ಪುಣ್ಯಾತ್ಮ!"

"ನನಗೆ ಒಂದೇ ಕಾಣಿಸ್ತು," ಎಂದಳು ಗುನ್ವೋರ್.

"ಇನ್ನೊಂದು ಪೊದೆ ಹಿಂದೆ ಇರುತ್ತೆ. ಮೂರು ದೋಣಿ ಟೀಚರೇ, ಮೂರು. ನಮ್ಮಲ್ಲಿ ಒಂದು. ಮಿಕ್ಕಿದ್ದು ಎಲ್ಲಿ ಹೋಗುತ್ತೆ, ಆಕಾಶಕ್ಕಾ?"

ಮೆಲ್ಕರ್ ಲೋವಾಳ ಕೆಂಪು ಮಳೆಯಂಗಿಯನ್ನು ಬೀಸಿದ. ಆಚೆಯವನು ತಕ್ಷಣ ಎದ್ದು ನಿಂತು, ಬಹಳ ಸ್ನೇಹದಿಂದ ತನ್ನ ನೀಲಿ ಟೋಪಿ ಬೀಸಿದ. ಮತ್ತೆ ಕೂತ. ಫೋಲ್ಕೆ ನೀರಿನ ಅಂಚಿಗೆ ಹೋಗಿ ಎರಡೂ ಕೈಗಳಿಂದ ಹುಟ್ಟು ಹಾಕುವ ಅಭಿನಯ ಮಾಡಿದ, ಬಗ್ಗಿ, ಎದ್ದು, ಬಗ್ಗಿ, ಎದ್ದು.

"ಅವನೂ ಹಾಗೇ ಮಾಡ್ತಿದಾನೆ," ಎಂದಳು ಗುನ್ವೋರ್ ದುರ್ಬೀನಿನಲ್ಲಿ. "ಈಗ ನಿಮ್ಮ ಕಡೆ ಕೈ ತೋರಿಸ್ತಿದಾನೆ. ನೀವು ಬನ್ನಿ ಅಂತ."

"ನಾನ್ಯಾಕೆ ಬರ್ಲಿ? ನೀನು ಬಾರೋ!" ಫೋಲ್ಕೆ ಕೂಗಿದ. ಒಂದೂವರೆ ಕಿಲೋಮೀಟರು ನೀರಿನ ಮೇಲೆ ಆ ಕೂಗು ಎಲ್ಲೋ ಮುಳುಗಿಹೋಯಿತು. ಒಂದು ಬಾತುಕೋಳಿ ಮಾತ್ರ ಹೆದರಿ ಹಾರಿತು.

"ಸೋಮಾರಿ," ಎಂದ ಫೋಲ್ಕೆ ತಿರುಗಿ ಬರುತ್ತಾ. "ಇಂಥವರಿಂದಲೇ ಹಾದಿ ಹಾಳಾಗೋದು. ಬೇರೆಯವರು ಬಂದು ಹುಟ್ಟು ಹಾಕ್ಲಿ ಅಂತ ಕೂತಿರ್ತಾರೆ."

ಗುನ್ವೋರ್ ಕೆಮ್ಮಿದಳು.

ಹನ್ನೆರಡಾಯಿತು. ಹೊಟ್ಟೆ ತುಂಬಿದ ಮೇಲೆ ಬೇಜಾರು ಬಂತು, ಬೇಜಾರು ಬಂದ ಮೇಲೆ ಮೆಲ್ಕರನ ಕಣ್ಣು ಫೋಲ್ಕೆಯ ಚೀಲದ ಮೇಲೆ ಬಿತ್ತು. ಇಪ್ಪತ್ತೆರಡು ಕಿಲೋದ ಹಸಿರು ಕ್ಯಾನ್ವಾಸ್ ಚೀಲ, ಮಲಗಿದ ಹಂದಿಯಂತಿತ್ತು.

"ಫೋಲ್ಕೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಸಿಟ್ಟು ಬರೋದೇ ಈ ಭಾರದಿಂದ. ಇದರೊಳಗೆ ಏನಿದೆ ನಿಜವಾಗ್ಲೂ? ಹೆಣ ಏನಾದ್ರೂ ಸಾಗಿಸ್ತಿದೀರಾ?" ಎಂದು ಹೇಳುತ್ತಲೇ ಚೀಲವನ್ನು ಎಳೆದು ಬಾಯಿ ಬಿಚ್ಚಿದ. "ಅಯ್ಯೋ! ಲೋವಾ, ಬಾ ಇಲ್ಲಿ. ಕಬ್ಬಿಣದ ಬಾಣಲೆ!"

"ಮೊಟ್ಟೆ ಬೇರೆದರಲ್ಲಿ ಅಂಟುತ್ತೆ," ಎಂದ ಫೋಲ್ಕೆ.

"ಇಸ್ತ್ರಿ ಮಾಡಿದ ಅಂಗಿ!"

"ರೈಲಿಗೆ."

"ಇಡೀ ಸೋಪು! ಯಾರಾದ್ರೂ ಇಡೀ ಸೋಪು ತರ್ತಾರಾ?" ಎಂದಳು ಲೋವಾ, ಕೈಯಲ್ಲಿ ಹಾವು ಹಿಡಿದವಳಂತೆ.

"ಚೀಲದ ತೂಕ ದೇಹದ ತೂಕದ ಐದನೇ ಒಂದು ಭಾಗ ಮೀರಬಾರದು," ಎಂದು ಗುನ್ವೋರ್ ಕೂಡ ಬಗ್ಗಿದಳು. "ಮತ್ತೆ ಒದ್ದೆ ಸಾಕ್ಸನ್ನ ಬ್ರೆಡ್ಡಿನ ಜೊತೆ ಇಡಬಾರದು. ಇದೇನಿದು, ಬಸ್ ವೇಳಾಪಟ್ಟಿ? ಇದು ನಿಮ್ಮೂರಿನದಲ್ವಾ? ಇಲ್ಲಿ ಯಾಕೆ?"

ಅದು ಮೂರನೇ ನಂಬರಿನ ವೇಳಾಪಟ್ಟಿ. ರಾತ್ರಿ ನಿದ್ದೆ ಬರದಿದ್ದರೆ ಫೋಲ್ಕೆ ಅದನ್ನು ಓದುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಕಿವಿಗಳು ಮಾತ್ರ ಕೆಂಪಾದವು.

"ಬಿಡಿ!" ಎಂದು ಅವನು ಕೂಗಿದ್ದು ದೋಣಿಯ ವಿಷಯಕ್ಕೆ ಕೂಗಿದ್ದಕ್ಕಿಂತ ಜೋರಾಗಿತ್ತು. ಬಾಣಲೆ, ಅಂಗಿ, ಸೋಪು, ವೇಳಾಪಟ್ಟಿ ಎಲ್ಲವನ್ನೂ ಒಳಗೆ ತುರುಕಿದ. "ಎಂಟು ದಿನ! ಎಂಟು ದಿನದಿಂದ ನನ್ನ ಚೀಲ, ನನ್ನ ಬೂಟು, ನನ್ನ ಗೊರಕೆ! ಸಾಕು. ಇನ್ನೊಂದು ನಿಯಮ ಕೇಳಿಸ್ಕೊಳ್ಳಿ. ನನ್ನ ಚೀಲಾನ ಯಾರೂ ಮುಟ್ಟಬಾರದು. ಮುಟ್ಟೋದೂ ಬೇಡ, ಅದರ ಬಗ್ಗೆ ಮಾತಾಡೋದೂ ಬೇಡ. ಒಂದು ಮಾತೂ ಬೇಡ! ಬೆಂಕಿ ಬಿದ್ರೂ ಬೇಡ!"

ಚೀಲವನ್ನು ಎಳೆದುಕೊಂಡು ಹೋಗಿ ಮೂವತ್ತು ಹೆಜ್ಜೆ ದೂರದ ಬಂಡೆಯೊಂದಕ್ಕೆ ಒರಗಿಸಿ ಬಂದ.

"ತಪ್ಪು ನಮ್ಮದು," ಎಂದಳು ಗುನ್ವೋರ್ ಗಂಭೀರವಾಗಿ. "ಇನ್ನೊಬ್ಬರ ಚೀಲಕ್ಕೆ ಕೈ ಹಾಕಬಾರದು ಅನ್ನೋದು ಹಾದಿಯ ಮೊದಲ ಪಾಠ. ಕ್ಷಮಿಸಿ ಫೋಲ್ಕೆ. ಇನ್ಮೇಲೆ ನಿಮ್ಮ ಚೀಲದ ಸುದ್ದಿ ನಮ್ಮ ಬಾಯಲ್ಲಿ ಬರಲ್ಲ. ಮಕ್ಕಳೇ, ಕೇಳಿಸ್ತಾ?"

"ಕೇಳಿಸ್ತು ಟೀಚರ್," ಎಂದರು ಇಬ್ಬರೂ.

ಎಂಟು ದಿನಗಳಲ್ಲಿ ಅವನು ಗೆದ್ದ ಮೊದಲ ಜಗಳ ಅದು. ಫೋಲ್ಕೆಗೆ ಮೈ ಹಗುರಾಯಿತು.

ಒಂದೂಕಾಲು ದಾಟಿತು. ಇನ್ನು ಮೂರು ಸಲ ದಾಟಿ ಬಸ್ಸು ಹಿಡಿಯುವುದು ಸಾಧ್ಯವಿರಲಿಲ್ಲ. ಒಂದೇ ಸಲ ದಾಟುವುದಾದರೆ ಎರಡೂವರೆಯವರೆಗೆ ಅವಕಾಶ. ಆಚೆಯವನು ನಿದ್ದೆ ಮಾಡುತ್ತಿದ್ದ. ಮುಖದ ಮೇಲೆ ನೀಲಿ ಟೋಪಿ ಇದೆಯೆಂದು ಗುನ್ವೋರ್ ಆಗಾಗ ವರದಿ ಕೊಡುತ್ತಿದ್ದಳು. ಲೋವಾ ದೋಣಿಯಿಂದ ಎರಡು ಮಾರು ದೂರ ಕೂತು, ಕೈ ಕಟ್ಟಿಕೊಂಡು, ಅದನ್ನೇ ನೋಡುತ್ತಿದ್ದಳು.

"ಈ ದೋಣಿಯ ಅಂಚು ಚೆನ್ನಾಗಿದೆ ಅಲ್ವಾ? ದಪ್ಪ. ಎರಡು ಪಟ್ಟಿ ಇದೆ," ಎಂದಳು.

"ಮುಟ್ಬೇಡ!" ಎಂದರು ಮೂವರೂ ಒಟ್ಟಿಗೆ.

"ಮುಟ್ಟಿಲ್ಲಪ್ಪ, ನೋಡಿದೆ ಅಷ್ಟೆ."

ಎರಡು ಗಂಟೆಗೆ ಫೋಲ್ಕೆ ಕೈಗಡಿಯಾರ ನೋಡಿದ. ಐದು ನಿಮಿಷ ಬಿಟ್ಟು ಮತ್ತೆ ನೋಡಿದ. ಬೋರ್ಡು ಕಣ್ಣ ಮುಂದೆ ಬಂತು. ಅದರ ಮುಂದೆ ನಿಂತು ಅವಳಿ ಮಕ್ಕಳ ಅಪ್ಪ ಒದ್ದೆ ಬಟ್ಟೆಯಿಂದ ಕೊನೆಯ ಹೆಸರು ಒರೆಸುತ್ತಿದ್ದುದೂ ಬಂತು. ಎರಡೂಕಾಲಿಗೆ ಎದ್ದು ನಿಂತ.

"ಹೋಗೋಣ," ಎಂದ. "ನಾನೇ ಹುಟ್ಟು ಹಾಕ್ತೀನಿ."

ಮೆಲ್ಕರ್ ಚಪ್ಪಾಳೆ ತಟ್ಟಿದ.

"ಆದ್ರೆ ಒಂದೇ ಸಲ. ವಾಪಸ್ ಬರಲ್ಲ."

ಗುನ್ವೋರ್ ದುರ್ಬೀನು ಇಳಿಸಿದಳು. "ಅಂದ್ರೆ?"

"ಅಂದ್ರೆ ಈ ದಡ ಖಾಲಿ. ಆ ಮಲಗಿರೋ ಮಹಾಶಯ ಬಂದ್ರೆ ಬಂದ, ಬಿಟ್ರೆ ಬಿಟ್ಟ. ಹಿಂದೆ ಬರೋರು ಈಜ್ಲಿ."

"ಫೋಲ್ಕೆ!" ಅವಳ ಧ್ವನಿ ಮೂವತ್ತೆಂಟು ವರ್ಷಗಳ ತರಗತಿಗಳನ್ನು ಒಮ್ಮೆಲೇ ತುಂಬಿಕೊಂಡು ಬಂತು. "ಬೂಟು ಎಲ್ಲಿ ಬೇಕಾದ್ರೂ ಇಡಿ. ಗೊರಕೆ ಹೊಡೀರಿ. ಆದ್ರೆ ಇದು ಬೇಡ. ಇದೊಂದು ನಿಯಮ ಶೋಕಿಗೆ ಮಾಡಿದ್ದಲ್ಲ. ಸಂಜೆ ಮಳೇಲಿ ಯಾರೋ ಬಂದು ಇಲ್ಲಿ ನಿಂತ್ರೆ ಏನು ಮಾಡ್ತಾರೆ? ನಿಮಗೆ ಯಾರೋ ದೋಣಿ ಬಿಟ್ಟಿದ್ದಕ್ಕೆ ತಾನೆ ನೀವು ಇಲ್ಲಿವರೆಗೆ ಬಂದದ್ದು?"

ಅವಳು ಹೇಳಿದ್ದು ಸರಿಯೆಂದು ಫೋಲ್ಕೆಗೆ ಗೊತ್ತಿತ್ತು. ಅದರಿಂದಲೇ ಸಿಟ್ಟು ಇಮ್ಮಡಿಯಾಯಿತು.

"ನಾನು ಬಿಟ್ಟೆ, ಎರಡು ಸರೋವರದಲ್ಲಿ! ನನಗೆ ಯಾರು ಬಿಟ್ಟರು? ಯಾವಾಗ್ಲೂ ನನ್ನ ದಡದಲ್ಲೇ ಒಂದು, ಇನ್ನೊಬ್ಬರ ದಡದಲ್ಲಿ ಎರಡು! ಇವತ್ತು ನಾನು ಕೆಟ್ಟವನು. ಬರ್ಕೊಳ್ಳಿ, ಗುಡಿಸಲಿನ ದಾಖಲೆ ಪುಸ್ತಕದಲ್ಲಿ ಬರೀರಿ. ಫೋಲ್ಕೆ ಬ್ರೆನ್‌ಲುಂಡ್, ಬೋರೋಸ್, ದೋಣಿ ಕದ್ದ. ಅಕ್ಷರ ತಪ್ಪಿಲ್ಲದೆ ಬರೀರಿ!"

"ಬಸ್ಸು ಮೂರೂವರೆಗೆ ಟೀಚರ್," ಎಂದು ಮೆಲ್ಕರ್ ಮೆಲ್ಲನೆ ನೆನಪಿಸಿದ. ಅವರಿಗೂ ಅದೇ ಬಸ್ಸು ಬೇಕಿತ್ತು.

"ನಾನು ಬಿಡಲ್ಲ," ಎಂದು ಗುನ್ವೋರ್ ಧಡಧಡ ನಡೆದು ದೋಣಿಯ ಮುಂದೆ ನಿಂತಳು. "ಇದರ ಮೇಲೆ ಮಲಗಿಬಿಡ್ತೀನಿ. ನನ್ನ ಮೇಲೆ ಹಾದು ತಗೊಂಡು ಹೋಗಿ." ಒಂದು ಕಾಲೆತ್ತಿ ದೋಣಿಯ ಬೆನ್ನಿನ ಮೇಲೆ ಇಡಲು ಹೋದಳು. ಕಾಲು ಗಾಳಿಯಲ್ಲಿ ನಿಂತಿತು.

"ಮುಟ್ಟಿದವರೇ ಹುಟ್ಟು ಹಾಕಬೇಕು," ಎಂದ ಫೋಲ್ಕೆ.

ಅವಳು ಸ್ವಲ್ಪ ಹೊತ್ತು ಕೊಕ್ಕರೆಯಂತೆ ಹಾಗೇ ನಿಂತಳು. ನಿಯಮ ನಿಯಮವೇ. ಕಾಲು ಕೆಳಗಿಳಿಯಿತು.

ಫೋಲ್ಕೆ ಅಂಗಿಯ ತೋಳು ಮಡಚಿದ. ಜೀವಮಾನದಲ್ಲಿ ಕೆಂಪು ದೀಪ ದಾಟಿದವನಲ್ಲ. ಈಗ ಆಗುತ್ತಿದ್ದುದು ಹೆದರಿಕೆಯೋ ಖುಷಿಯೋ ಅವನಿಗೇ ತಿಳಿಯಲಿಲ್ಲ. ದೋಣಿಯ ಅಂಚಿಗೆ ಎರಡೂ ಕೈ ಹಾಕಿ, "ನೋಡ್ಕೊಳ್ಳಿ!" ಎಂದು ಕೂಗಿ ಎತ್ತಿ ಮಗುಚಿದ.

ದೋಣಿ ಹುಲ್ಲಿನ ಮೇಲೆ ಧೊಪ್ಪೆಂದು ಬಿತ್ತು. ಅದರ ಜಾಗದಲ್ಲಿ, ಬರ್ಚ್ ಮರಗಳ ಕೆಳಗೆ, ಹಳದಿ ದೋಣಿಯೊಂದು ಬೋರಲು ಬಿದ್ದಿತ್ತು.

"ಎರಡು," ಎಂದಳು ಲೋವಾ. "ಒಂದರ ಮೇಲೊಂದು. ನಾನು ಅಂಚಿನಲ್ಲಿ ಎರಡು ಪಟ್ಟಿ ಇದೆ ಅಂದೆ."

ಗುನ್ವೋರ್ ಬಗ್ಗಿ ನೋಡಿದಳು. ಮುಖದಲ್ಲಿ ಭಕ್ತಿ ಮೂಡಿತು. "ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದಾರೆ! ಬಟ್ಟಲಿನ ಮೇಲೆ ಬಟ್ಟಲು ಇಟ್ಟ ಹಾಗೆ. ಗಾಳಿಗೆ ಅಲುಗೋದೇ ಇಲ್ಲ. ಯಾರೋ ತಿಳಿದವರು."

ಫೋಲ್ಕೆ ಕೈ ಇಳಿಬಿಟ್ಟು ನಿಂತಿದ್ದ. ಬೆಳಿಗ್ಗೆ ಹತ್ತು ಗಂಟೆಗೆ ಬಂದು, ಸುಮ್ಮನೆ ಮೇಲಿನದನ್ನು ಎತ್ತಿಕೊಂಡು, ಒಂದೇ ಸಲ ಹುಟ್ಟು ಹಾಕಿದ್ದರೆ, ಹನ್ನೊಂದಕ್ಕೆ ಆಚೆ ದಡದಲ್ಲಿ ಮೊಟ್ಟೆ ಹುರಿಯುತ್ತಿದ್ದ. ಹೋಗಲಿ, ಕಾನೂನು ಮುರಿಯುವ ಧೈರ್ಯ ಬಂದ ಮೊದಲ ದಿನವೇ ಮುರಿಯಲು ಕಾನೂನೂ ಇಲ್ಲದಂತಾಯಿತು.

"ಎರಡು ಗಂಟೆ ಇಪ್ಪತ್ತೈದು ನಿಮಿಷ ಆಯ್ತು!" ಎಂದು ಮೆಲ್ಕರ್ ಕಿರುಚಿದ.

ಆಮೇಲೆ ಎಲ್ಲವೂ ಬೆಂಕಿ ಬಿದ್ದ ಮನೆಯಲ್ಲಿ ನಡೆದಂತೆ ನಡೆಯಿತು. ದೋಣಿ ನೀರಿಗೆ ಇಳಿಯಿತು. ಚೀಲಗಳು ಬಿದ್ದವು, ಕೋಲುಗಳು ಬಿದ್ದವು, ಲೋವಾ ಬಿದ್ದಳು. ಗುನ್ವೋರ್ ದೋಣಿಯ ಜೊತೆಗಿದ್ದ ಜೀವರಕ್ಷಕ ಅಂಗಿಗಳ ಕೊಂಡಿಗಳನ್ನು ಎಲ್ಲರಿಗೂ ಒಂದೊಂದಾಗಿ ಪರೀಕ್ಷಿಸಿದಳು. ಹುಟ್ಟು ಹಿಡಿದು ಕೂತ ಫೋಲ್ಕೆ ಹಿಂದೆ ಮುಂದೆ ನೋಡದೆ ಎಳೆದ. ದಡ ಬಿಡುವಾಗ ಗುನ್ವೋರ್ ಒಮ್ಮೆ ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡಳು. ಮೆಲ್ಕರ್ ಮತ್ತು ಲೋವಾ ಪರಸ್ಪರ ಮುಖ ನೋಡಿಕೊಂಡು ಮುಗುಳ್ನಕ್ಕರು. ಫೋಲ್ಕೆ ಅದನ್ನು ಮೆಚ್ಚುಗೆಯೆಂದು ತಿಳಿದ.

ನಡು ಸರೋವರದಲ್ಲಿ ಎದುರಿನಿಂದ ಹಳದಿ ದೋಣಿ ಬಂತು. ಇವರು ಹೊರಟದ್ದನ್ನು ನೋಡಿ ನೀಲಿ ಟೋಪಿಯವನೂ ಎದ್ದಿದ್ದ. ಅರವತ್ತು ದಾಟಿದ, ನಗುಮುಖದ ಮನುಷ್ಯ. ದೋಣಿಗಳು ಒಂದರ ಪಕ್ಕ ಒಂದು ಹಾದವು.

"ಅಂತೂ ಹೊರಟ್ರಲ್ಲ!" ಎಂದ ಅವನು. "ಬೆಳಿಗ್ಗೆಯಿಂದ ಕಾದೆ. ಎರಡು ದೋಣಿ ಇಟ್ಕೊಂಡು ಏನ್ರೀ ಮಾಡ್ತಾ ಇದ್ರಿ?"

"ನಮ್ಮಲ್ಲಿ ಎರಡಿದೆ ಅಂತ ನಿಮಗೆ ಹೇಗೆ ಗೊತ್ತು?" ಎಂದ ಫೋಲ್ಕೆ ಏದುಸಿರು ಬಿಡುತ್ತಾ.

"ನನ್ನ ಹತ್ರ ಒಂದೇ ಇತ್ತು. ಮೂರರಲ್ಲಿ ಒಂದು ಕಳೆದ್ರೆ ಎಷ್ಟು?"

ಗುನ್ವೋರ್ ಮೂವತ್ತೆಂಟು ವರ್ಷ ಗಣಿತವನ್ನೂ ಕಲಿಸಿದ್ದಳು. ದುರ್ಬೀನನ್ನು ತಿರುಗಿಸಿ ಯಾವುದೋ ಹಕ್ಕಿಯನ್ನು ಹುಡುಕತೊಡಗಿದಳು.

ಆಚೆ ದಡಕ್ಕೆ ದೋಣಿ ತಾಗಿದಾಗ ಮೂರು ಗಂಟೆ ಎಂಟು ನಿಮಿಷ. ಫೋಲ್ಕೆ ಗಡಿಯಾರ ನೋಡಿ ನಕ್ಕ. ಏಳು ನಿಮಿಷ ಉಳಿದಿತ್ತು. ಮೂವರೂ ತಮ್ಮ ತಮ್ಮ ಚೀಲ ಎತ್ತಿಕೊಂಡು ಹಾದಿ ಹಿಡಿದರು. ಫೋಲ್ಕೆ ದೋಣಿ ಎಳೆದು ಕಟ್ಟಿದ, ಹುಟ್ಟುಗಳನ್ನು ಒಳಗಿಟ್ಟ, ಬೆನ್ನು ನೆಟ್ಟಗೆ ಮಾಡಿ, ಚೀಲಕ್ಕೆ ಕೈ ಚಾಚಿದ.

ಕೈಗೆ ಗಾಳಿ ಸಿಕ್ಕಿತು.

ದೋಣಿಯೊಳಗೆ ನೋಡಿದ. ದೋಣಿಯ ಹೊರಗೆ ನೋಡಿದ. ಬುದ್ಧಿ ಕೆಟ್ಟವನಂತೆ ದೋಣಿಯ ಕೆಳಗೂ ನೋಡಿದ. ಆಮೇಲೆ ನಿಧಾನವಾಗಿ ಸರೋವರದ ಕಡೆ ತಿರುಗಿದ. ಒಂದೂವರೆ ಕಿಲೋಮೀಟರು ದೂರದಲ್ಲಿ, ಬಂಡೆಯೊಂದರ ಪಕ್ಕ, ಸಾಸಿವೆಯಷ್ಟು ಹಸಿರು.

"ಚೀಲ!" ಎಂದು ಅವನು ಕೂಗಿದ. "ನನ್ನ ಚೀಲ!"

ಮೂವರೂ ನಿಂತರು. ಯಾರೂ ಮಾತಾಡಲಿಲ್ಲ.

"ಏನಾದ್ರೂ ಹೇಳ್ರೀ!"

"ಹೇಳಬಹುದಾ?" ಎಂದು ಗುನ್ವೋರ್ ಎಚ್ಚರಿಕೆಯಿಂದ ಕೇಳಿದಳು.

"ಏನು?"

"ಅದರ ಬಗ್ಗೆ. ನೀವೇ ಅಪ್ಪಣೆ ಕೊಡೋದಾದ್ರೆ. ದೋಣಿ ಬಿಡುವಾಗಲೇ ನೋಡಿದೆ. ಹೇಳೋಣ ಅಂತ ಬಾಯೂ ತೆರೆದೆ. ಆದ್ರೆ ಒಂದು ಮಾತೂ ಬೇಡ, ಬೆಂಕಿ ಬಿದ್ರೂ ಬೇಡ ಅಂದಿದ್ರಿ. ನನ್ನ ಕೈಲಿ ಮಾತು ಬೇರೆ ತಗೊಂಡಿದ್ರಿ. ಬೇಕಂತಲೇ ಬಿಟ್ಟು ಬರ್ತಿದಾರೇನೋ, ಇದೂ ಮುಷ್ಕರದ ಒಂದು ಭಾಗ ಇರಬಹುದು ಅಂದ್ಕೊಂಡೆ."

"ನಾನು ಖುಷಿಪಟ್ಟೆ," ಎಂದ ಮೆಲ್ಕರ್, ಕಣ್ಣಲ್ಲಿ ನಿಜವಾದ ಸಂತೋಷದಿಂದ. "ಕೊನೆಗೂ ಫೋಲ್ಕೆಗೆ ಜ್ಞಾನ ಬಂತು, ಭಾರ ಎಲ್ಲಾ ಬಿಟ್ರು ಅಂತ ಲೋವಾಗೆ ಹೇಳಿದೆ. ಬಾಣಲೆ ಸಮೇತ!"

ಚೀಲದಲ್ಲಿ ಪರ್ಸಿತ್ತು, ರೈಲು ಟಿಕೇಟಿತ್ತು, ಮನೆಯ ಕೀ ಇತ್ತು, ಫೋನಿತ್ತು.

"ಡ್ರೈವರ್‌ಗೆ ಹೇಳ್ತೀವಿ, ಕಾಯಲಿ," ಎಂದಳು ಲೋವಾ. "ಒಂದೂವರೆ ಗಂಟೆ ತಾನೆ?"

ಫೋಲ್ಕೆ ಅವಳನ್ನು ನೋಡಿದ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಕನ್ನಡಿಯೊಳಗೆ ಓಡಿಬಂದ ಮುಖಗಳೆಲ್ಲ ನೆನಪಾದವು. ಕೈ ಬೀಸುವವರು, ಛತ್ರಿ ಬೀಸುವವರು, ಒಬ್ಬ ಮುದುಕ ಊರುಗೋಲನ್ನೇ ಬೀಸಿದ್ದ. ಒಂದು ಸಲವೂ ಬ್ರೇಕಿನ ಮೇಲೆ ಕಾಲಿಟ್ಟಿರಲಿಲ್ಲ.

"ಕಾಯಬಾರದು," ಎಂದ. "ವೇಳೆ ಅಂದ್ರೆ ವೇಳೆ."

ಕಟ್ಟಿದ ದೋಣಿ ಬಿಚ್ಚಿದ.

ನಡು ಸರೋವರ ಇನ್ನೂ ಬಂದಿರಲಿಲ್ಲ, ಹಿಂದೆ ಗುಡ್ಡದ ಮೇಲೆ ಬಸ್ಸು ಕಾಣಿಸಿತು. ಬೆಂಕಿಪೊಟ್ಟಣದಷ್ಟು, ಬಿಳಿ. ಅದು ಹೊರಟಿತು. ಫೋಲ್ಕೆ ಹುಟ್ಟು ನಿಲ್ಲಿಸಿ ಗಡಿಯಾರ ನೋಡಿದ. ಸರಿಯಾಗಿ ಮೂರೂವರೆ. ಒಂದು ಸೆಕೆಂಡು ಆಚೆ ಈಚೆ ಇಲ್ಲ. ಒಳ್ಳೆಯ ಡ್ರೈವರ್ ಎಂದು ಮನಸ್ಸು ತನ್ನಷ್ಟಕ್ಕೆ ಮೆಚ್ಚಿಕೊಂಡಿತು. ಮೆಚ್ಚಿದ್ದಕ್ಕೆ ತನಗೇ ಉಗಿದುಕೊಂಡು ಮತ್ತೆ ಹುಟ್ಟು ಹಾಕಿದ.

ಚೀಲ ಬಂಡೆಯ ಪಕ್ಕ ಇದ್ದ ಹಾಗೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ನೀಲಿ ಟೋಪಿಯವನು ಹೊರಟು ಹೋಗಿದ್ದ. ಹೋಗುವ ಮುಂಚೆ ತನ್ನ ದೋಣಿಯನ್ನು ಅಲ್ಲಿದ್ದ ದೋಣಿಯ ಮೇಲೆ ಬೋರಲು ಹಾಕಿ, ಅಂಚಿಗೆ ಅಂಚು ಕೂಡಿಸಿ, ಬಹಳ ಅಚ್ಚುಕಟ್ಟಾಗಿ ಇಟ್ಟು ಹೋಗಿದ್ದ.

ಅದರ ಎದುರು ಆಗ ತಾನೇ ಬಂದಿದ್ದ ಗಂಡ ಹೆಂಡತಿ ಕೂತಿದ್ದರು. ಇಬ್ಬರ ಮುಖವೂ ಬಾಡಿತ್ತು.

"ದೇವರು ಬಂದ ಹಾಗೆ ಬಂದ್ರಿ!" ಎಂದು ಹೆಂಡತಿ ಎದ್ದಳು. "ಒಂದೇ ದೋಣಿ ಇದೆ ಅಂತ ಜಗಳ ಆಡ್ತಾ ಕೂತಿದ್ವಿ, ಯಾರು ಮೂರು ಸಲ ಹುಟ್ಟು ಹಾಕೋದು ಅಂತ. ಈಗ ಎರಡಾಯ್ತು. ನೀವು ಆಚೆ ಹೋಗ್ತೀರಾ?"

ಫೋಲ್ಕೆ ಚೀಲವನ್ನು ನೋಡಿದ. ಹಿಂದಿನ ಗುಡಿಸಲಿಗೆ ಹೋಗಿ ಮಲಗಿಬಿಡಬಹುದು. ಬೋರ್ಡು ಹೇಗೂ ಖಾಲಿಯಾಯಿತು. ಆಮೇಲೆ ಆಚೆ ದಡವನ್ನು ನೋಡಿದ. ಅಲ್ಲಿ ಈಗ ಒಂದೂ ದೋಣಿಯಿರಲಿಲ್ಲ. ಕೊನೆಯದನ್ನು ಅವನೇ ತಂದಿದ್ದ.

ಅವನ ಬಾಯಿಂದ ಬಂದ ಬೈಗುಳ ಕೇಳಿ ಗಂಡ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದರು.

"ಹೋಗ್ತೀನಿ," ಎಂದ. "ಮೂರನೇ ಸಲ."

"ಹಾಗಾದ್ರೆ ನಾವೂ ನಿಮ್ಮ ಜೊತೇಲೇ ಬರಬಹುದಾ?" ಎಂದ ಗಂಡ, ಅವನ ತೋಳುಗಳ ಕಡೆ ನೋಡುತ್ತಾ. "ನನಗೆ ಸೊಂಟ ನೋವು. ನೀವು ಗಟ್ಟಿ ಆಳಿನ ಹಾಗೆ ಕಾಣ್ತೀರಿ."

"ಅದನ್ನ ಮುಟ್ಟಿ," ಎಂದು ಫೋಲ್ಕೆ ಬೋರಲು ಬಿದ್ದ ದೋಣಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಎರಡೂ ಕೈಯಲ್ಲಿ ಮುಟ್ಟಿ, ಎತ್ತಿ, ನೀವೇ ಹುಟ್ಟು ಹಾಕಿ."

ಇಪ್ಪತ್ತೆರಡು ಕಿಲೋದ ಚೀಲವನ್ನು ಬೆನ್ನಿಗೇರಿಸಿದ. ಪಟ್ಟಿಗಳನ್ನು ಎದೆಗೂ ಸೊಂಟಕ್ಕೂ ಬಿಗಿದ. ಹಾಗೇ ದೋಣಿ ಹತ್ತಿ, ಹಾಗೇ ಕೂತು, ಹುಟ್ಟು ಎಳೆದ. ಚೀಲದ ಭಾರಕ್ಕೆ ಪ್ರತಿ ಎಳೆತಕ್ಕೂ ಹಿಂದಕ್ಕೆ ಮಗುಚಿ ಬೀಳುವಂತಾಗುತ್ತಿತ್ತು. ಒಳಗೆ ಬಾಣಲೆ ಬೆನ್ನೆಲುಬಿಗೆ ಗುದ್ದುತ್ತಿತ್ತು.

"ರೀ ಸ್ವಾಮಿ!" ಎಂದು ದಡದಿಂದ ಹೆಂಡತಿ ಗಾಬರಿಯಿಂದ ಕೂಗಿದಳು. "ದೋಣಿಯಲ್ಲಿ ಚೀಲ ಬೆನ್ನಿಗೆ ಹಾಕ್ಕೊಂಡು ಕೂರಬಾರದು! ಅದು ನಿಯಮ! ಬಿದ್ರೆ ಮುಳುಗಿಬಿಡ್ತೀರಿ!"

ಫೋಲ್ಕೆ ಹುಟ್ಟು ನಿಲ್ಲಿಸಲಿಲ್ಲ.

"ನನ್ನ ಚೀಲದ ಬಗ್ಗೆ," ಎಂದು ನೀರಿನ ಮೇಲಿಂದ ಅವನ ಕೂಗು ಬಂತು, "ಯಾರೂ ಒಂದು ಮಾತೂ ಆಡಬಾರದು!"